ನೂರಾ ಹದಿನಾರರ ಕಟ್ಟು

ಅವರು ತೀರಿಕೊಂಡರೆಂದು ತಾಂಬರಂನಿಂದ ಅವರ ಕೆಳಗಿನ ಮನೆಯಾಕೆ ಫೋನು ಮಾಡಿದಾಗ ನಾನು ಕೊಯಮತ್ತೂರಿನ ಕಟ್ಟುಗಳಿಗೆ ಚೀಟಿ ಹಚ್ಚುತ್ತಿದ್ದೆ. ಬೆಳಿಗ್ಗೆ ಹನ್ನೊಂದು ಗಂಟೆ ಇರಬೇಕು. ಸಂಬಂಧದವರು ಯಾರಾದರೂ ಇದ್ದಾರಾ ಎಂದು ಆಕೆ ಕೇಳಿದರು. ಹುಬ್ಬಳ್ಳಿಯಲ್ಲಿ ಒಬ್ಬ ತಮ್ಮ ಇದ್ದಾನೆಂದು ಹೇಳಿದೆ. ಬೇರೆ ಯಾರೂ ಇಲ್ಲವಾ ಎಂದು ಮತ್ತೆ ಕೇಳಿದರು. ಫೋನಿಟ್ಟ ಮೇಲೆ ಉಳಿದ ಮೂರು ಕಟ್ಟುಗಳಿಗೂ ಚೀಟಿ ಹಚ್ಚಿ, ದಾರದ ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿ, ಆಮೇಲೆ ಕುರ್ಚಿಯಲ್ಲಿ ಕೂತೆ. ಹಿಡಿದ ಕಟ್ಟನ್ನು ಅರ್ಧಕ್ಕೆ ಬಿಟ್ಟು ಏಳಬಾರದೆಂದು ನನಗೆ ಕಲಿಸಿದವರು ಅವರೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ಕಚೇರಿಯ ಅರ್ಧ ಜನಕ್ಕೆ ಗುರುತು ಸಿಗಲಿಕ್ಕಿಲ್ಲ. ಎಲ್ಲರ ಬಾಯಲ್ಲೂ ಅವರು ‘ಪಿನ್‌ಕೋಡಮ್ಮ’. ನನಗೆ ಮಾತ್ರ ಅಕ್ಕ. ನಾನು ಅವರಿಗೆ ‘ಉಡುಪಿ’. ಮನಸ್ಸು ಚೆನ್ನಾಗಿದ್ದರೆ ‘ತಂಗಿ’.

ನಮ್ಮದು ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಮೊದಲ ಮಹಡಿಯ ಒಂದು ಉದ್ದನೆಯ ಕೋಣೆ. ಕಂಪನಿಗಳು, ಆಸ್ಪತ್ರೆಗಳು, ಟಿ. ನಗರದ ಜವಳಿ ಮತ್ತು ಚಿನ್ನದ ಅಂಗಡಿಗಳು ತಮ್ಮ ಗಿರಾಕಿಗಳಿಗೆ ಕಳಿಸುವ ಕಾಗದಗಳನ್ನು ಸಾವಿರಗಟ್ಟಲೆ ಮಡಚಿ, ಲಕೋಟೆಗೆ ತುಂಬಿ, ವಿಳಾಸ ಅಂಟಿಸಿ, ಅಂಚೆಯವರು ಒಪ್ಪುವ ಹಾಗೆ ಕಟ್ಟಿಕೊಡುವುದು ನಮ್ಮ ಕೆಲಸ. ಕೇಳಿದವರು, ಅದರಲ್ಲೇನಿದೆ, ಸ್ಟಾಂಪ್ ಹಚ್ಚಿ ಡಬ್ಬಿಗೆ ಹಾಕಿದರಾಯಿತಲ್ಲ ಎನ್ನುತ್ತಾರೆ. ಅಷ್ಟು ಸುಲಭವಲ್ಲ. ಇಷ್ಟೊಂದು ಕಾಗದಕ್ಕೆ ಸ್ಟಾಂಪ್ ಹಚ್ಚುವುದಿಲ್ಲ. ಬಲಗಡೆ ಮೂಲೆಯಲ್ಲಿ ಪರವಾನಗಿ ಸಂಖ್ಯೆ ಅಚ್ಚಾಗಿರುತ್ತದೆ. ಅಂಥ ಲಕೋಟೆಯನ್ನು ಬೀದಿಯ ಕೆಂಪು ಡಬ್ಬಿಗೆ ಹಾಕುವ ಹಾಗಿಲ್ಲ, ಅದಕ್ಕೆಂದೇ ಇರುವ ಕೌಂಟರಿಗೆ ಒಯ್ಯಬೇಕು. ಒಂದು ಲಾಟಿನ, ಅಂದರೆ ಒಟ್ಟಿಗೆ ಹೋಗುವ ರಾಶಿಯ, ಎಲ್ಲ ಲಕೋಟೆಗಳೂ ಒಂದೇ ಅಳತೆ, ಒಂದೇ ತೂಕ. ಪಿನ್‌ಕೋಡಿನ ಪ್ರಕಾರ ವಿಂಗಡಿಸಿ, ಎಲ್ಲ ವಿಳಾಸಗಳೂ ಒಂದೇ ಕಡೆ ಮುಖ ಮಾಡುವಂತೆ ಜೋಡಿಸಿ, ಅಡ್ಡ ಒಂದು ಉದ್ದ ಒಂದು ದಾರ ಸುತ್ತಿ, ಮೇಲೆ ಊರಿನ ಚೀಟಿ. ಕೌಂಟರಿನ ಗುಮಾಸ್ತ ಯಾವುದೋ ಒಂದು ಕಟ್ಟು ಬಿಚ್ಚಿ ನೋಡುತ್ತಾನೆ. ಅದರಲ್ಲಿ ಒಂದು ತಪ್ಪು ಕಂಡರೂ ಇಡೀ ಲಾಟು ಟೆಂಪೋ ಹತ್ತಿ ವಾಪಸ್.

ನಾನು ಸೇರಿದ ವರ್ಷ ಹಾಗೆ ಒಂದು ಲಾಟು ವಾಪಸ್ ಬಂತು. ಯಾವುದೋ ದೇವಸ್ಥಾನದ ಕುಂಭಾಭಿಷೇಕದ ಆಮಂತ್ರಣ. ಧರ್ಮದರ್ಶಿಯ ಹೆಂಡತಿ ತನ್ನ ನೆಂಟರ ಲಕೋಟೆಗಳಿಗೆ ಮಾತ್ರ ಚಿಟಿಕೆ ಕುಂಕುಮದ ಪೊಟ್ಟಣ ಸೇರಿಸಿಬಿಟ್ಟಿದ್ದರು. ತೂಕ ಏರುಪೇರು. ಎಲ್ಲವನ್ನೂ ಬಿಚ್ಚಿ ನೋಡಬೇಕೆಂದು ಮೊದಲಾಳಿ, ಅಂದರೆ ನಮ್ಮ ಮಾಲೀಕರು, ತಲೆಗೆ ಕೈಯಿಟ್ಟು ಕೂತರು. ಅಕ್ಕ ನೆಲದ ಮೇಲೆ ಚಾಪೆ ಹಾಸಿ, ಎಡ ಅಂಗೈ ಮೇಲಿಂದ ಒಂದೊಂದೇ ಲಕೋಟೆಯನ್ನು ಜಾರಿಸುತ್ತ ಹೋದರು. ಮಾತಿಲ್ಲ, ನೀರಿಲ್ಲ. ಸಂಜೆಯ ಹೊತ್ತಿಗೆ ಪಕ್ಕದಲ್ಲಿ ಹತ್ತೊಂಬತ್ತು ಲಕೋಟೆ ಬಿದ್ದಿದ್ದವು. ಬಿಚ್ಚಿ ನೋಡಿದರೆ ಹತ್ತೊಂಬತ್ತರಲ್ಲೂ ಕುಂಕುಮ. ತಾನು ಇಪ್ಪತ್ತು ಹಾಕಿದ್ದು ಖಂಡಿತ ಎಂದು ಆ ಹೆಂಗಸು ಫೋನಿನಲ್ಲಿ ವಾದಿಸಿದರು.

“ಹತ್ತೊಂಬತ್ತ. ಇಪ್ಪತ್ತನೇದು ಆಕಿ ಹಾಕೇ ಇಲ್ಲ. ಪರ್ಸಿನ್ಯಾಗ ನೋಡಾಕ ಹೇಳ್ರಿ,” ಎಂದರು ಅಕ್ಕ, ಕೈ ಕೊಡವುತ್ತ.

ಪರ್ಸಿನಲ್ಲೇ ಇತ್ತು.

ಅವರ ತಂದೆ ಹುಬ್ಬಳ್ಳಿ ಕಡೆಯಿಂದ ಬಟ್ಟೆ ವ್ಯಾಪಾರಕ್ಕೆಂದು ಮದ್ರಾಸಿಗೆ ಬಂದು ಸೌಕಾರಪೇಟೆಯಲ್ಲಿ ನೆಲೆ ನಿಂತವರು. ಅಕ್ಕ ಹುಟ್ಟಿದ್ದು ಇಲ್ಲೇ, ಓದಿದ್ದು ತಮಿಳಿನಲ್ಲಿ. ಆದರೂ ಮನೆಯ ಮಾತು ಒಂದಿಷ್ಟೂ ಕದಲಿರಲಿಲ್ಲ. ಹಣೆಗೆ ಮೂರು ಬೆರಳಿನ ವಿಭೂತಿ, ಸೀರೆಯ ಸೆರಗು ಸೊಂಟಕ್ಕೆ, ಎಡ ಮಣಿಕಟ್ಟಿಗೆ ಯಾವಾಗಲೂ ಸುತ್ತಿದ ಸೆಣಬಿನ ದಾರ. ಗಂಡ ಬೇಗ ಹೋಗಿದ್ದರು. ಊಟಕ್ಕೆ ಕೂತಾಗ ನನ್ನ ಡಬ್ಬಿಯ ಇಡ್ಲಿ ನೋಡಿ, ನಿನ್ನ ಗಂಡ ಹೋಟೆಲಿನ ಕ್ಯಾಶಿನಲ್ಲಿ ಕೂತದ್ದಕ್ಕೆ ನಿನಗೆ ಒಲೆ ಹಚ್ಚುವುದೇ ಮರೆತುಹೋಗಿದೆ ಎಂದು ಹಂಗಿಸುತ್ತಿದ್ದರು. ನಾನು ಅವರ ರೊಟ್ಟಿಯನ್ನು ರಟ್ಟು ಎನ್ನುತ್ತಿದ್ದೆ. ನನ್ನ ‘ಎಂತ’ ಕೇಳಿದರೆ ಅವರಿಗೆ ನಗು, ಅವರ ‘ಹೌದಲ್ಲೋ’ ಕೇಳಿದರೆ ನನಗೆ. ನಮ್ಮಿಬ್ಬರ ಜಗಳ ಕೇಳಿದ ತಮಿಳಿನವರು, ಇವರಿಬ್ಬರೂ ಮಾತಾಡುವುದು ಒಂದೇ ಭಾಷೆಯಾ ಎಂದು ಅನುಮಾನ ಪಡುತ್ತಿದ್ದರು.

ಅವರು ಮನುಷ್ಯರನ್ನು ಗುರುತಿಸುತ್ತಿದ್ದುದೇ ಪಿನ್‌ಕೋಡಿನ ಕೊನೆಯ ಅಂಕಿಗಳಿಂದ. ನನ್ನ ಮಗನಿಗೆ ಹೆಣ್ಣು ಗೊತ್ತಾದ ಸುದ್ದಿ ಹೇಳಿದರೆ, ಹುಡುಗಿ ಯಾರು, ಏನು ಓದಿದ್ದಾಳೆ ಕೇಳಲಿಲ್ಲ, “ಎಷ್ಟನೇದು?” ಎಂದರು. ಮಡಿಪಾಕ್ಕಂ ಎಂದೆ. “ತೊಂಬತ್ತೊಂದು. ಛಲೋ ಮಂದಿ. ಕಾಗದ ತಿರುಗಿ ಬರೂದು ಭಾಳ ಕಡಿಮಿ,” ಎಂದು ಒಪ್ಪಿಗೆ ಕೊಟ್ಟರು.

ಕಾಗದ ತಿರುಗಿ ಬರುವುದು ನಮ್ಮ ಕೆಲಸದ ಇನ್ನೊಂದು ಮುಖ. ಲಾಟು ಹೋದ ಎರಡು ಮೂರು ವಾರಕ್ಕೆ, ಮುಟ್ಟದ ಕಾಗದಗಳು ಚೀಲದಲ್ಲಿ ಬರುತ್ತವೆ. ಪ್ರತಿಯೊಂದರ ಮೇಲೂ ಪೋಸ್ಟ್‌ಮ್ಯಾನ್ ಕಾರಣ ಬರೆದಿರುತ್ತಾನೆ: ಮನೆ ಬಿಟ್ಟಿದ್ದಾರೆ, ಅಂಥವರಿಲ್ಲ, ಬಾಗಿಲು ಹಾಕಿದೆ, ಬೇಡವೆಂದರು, ತೀರಿಕೊಂಡಿದ್ದಾರೆ. ಅದನ್ನು ನೋಡಿ ಪಟ್ಟಿಯಿಂದ ಹೆಸರು ಹೊಡೆದು ಹಾಕಬೇಕು. ಈ ಚೀಲವನ್ನು ಅಕ್ಕ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಕಿಟಕಿಯ ಪಕ್ಕದ ಮೇಜಿನ ಮೇಲೆ ಸುರುವಿ, ಮೊದಲು ಎಲ್ಲವನ್ನೂ ಮಗುಚಿ ಹರಡುತ್ತಿದ್ದರು. ಆಗ ಅವರ ಮುಖ ನೋಡಬಾರದು. ಕಣ್ಣು ಲಕೋಟೆಯಿಂದ ಲಕೋಟೆಗೆ ಓಡುತ್ತಿತ್ತು. ಕೊನೆಯದನ್ನು ನೋಡಿ ಮುಗಿದ ಮೇಲೆ ಉಸಿರು ಬಿಟ್ಟು, ನೀರು ಕುಡಿದು, ನಿಧಾನವಾಗಿ ಕೆಲಸ ಶುರು ಮಾಡುತ್ತಿದ್ದರು. ಅಷ್ಟು ಆತುರ ಯಾತಕ್ಕೆಂದು ನನಗೆ ಬಹಳ ದಿನ ತಿಳಿಯಲಿಲ್ಲ. “ತಿರುಗಿ ಬರಲಿಲ್ಲ ಅಂದ್ರ ಮುಟ್ಟೇತಿ ಅಂತ ಅರ್ಥ,” ಎಂದು ಮಾತ್ರ ಒಮ್ಮೊಮ್ಮೆ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ಕಟ್ಟು ಕಟ್ಟುವಾಗ ಕೆಲವು ಲಕೋಟೆಗಳ ಮೇಲೆ ಅವರ ಕೈ ನಿಲ್ಲುತ್ತಿತ್ತು. “ಈ ಮನಿ ಖಾಲಿ ಐತಿ,” ಎಂದು ಹೇಳಿ, ಆದರೂ ಕಟ್ಟಿಗೆ ಸೇರಿಸುತ್ತಿದ್ದರು. ನನಗೆ ದಿನಚರಿ ಬರೆಯುವ ರೂಢಿ. ಒಂದು ಸಲ ಪರೀಕ್ಷೆಗೆಂದು, ಅವರು ಹಾಗೆಂದ ನಾಲ್ಕು ಹೆಸರುಗಳನ್ನು ಅಂದಿನ ಪುಟದಲ್ಲಿ ಬರೆದುಕೊಂಡೆ. ಇಪ್ಪತ್ತು ದಿನಕ್ಕೆ ನಾಲ್ಕೂ ವಾಪಸ್ ಬಂದವು. ಆ ಪುಟವನ್ನು ಅವರಿಗೆ ತೋರಿಸಲಿಲ್ಲ. ಆಮೇಲೆ ಅಂಥ ಪರೀಕ್ಷೆಗೂ ಹೋಗಲಿಲ್ಲ.

ನೂರಾ ಹದಿನಾರು ಎಂದರೆ ಪೋರೂರು. ಆ ಕಟ್ಟನ್ನು ಅವರು ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಒಮ್ಮೆ ಅವರಿಗೆ ಜ್ವರ ಬಂದು ರಜೆ ಹಾಕಿದಾಗ ಚಿನ್ನದ ಅಂಗಡಿಯೊಂದರ ಹಬ್ಬದ ಕ್ಯಾಟಲಾಗ್ ಲಾಟು ನನ್ನ ಪಾಲಿಗೆ ಬಂತು. ಪೋರೂರಿನ ವಿಳಾಸಗಳನ್ನು ಜೋಡಿಸುವಾಗ ಒಂದು ಹುಡುಗಿಯ ಹೆಸರಿನ ಮುಂದೆ ಅಕ್ಕನ ಗಂಡನ ಹೆಸರಿನ ಮೊದಲಕ್ಷರ ಕಂಡಿತು. ಅವರಿಗೆ ಮಗಳಿದ್ದದ್ದು, ಆ ಮಗಳು ಹೋದದ್ದು ನಮಗೆಲ್ಲ ಗೊತ್ತಿದ್ದ ವಿಷಯ. ಯಾರೂ ಎತ್ತುತ್ತಿರಲಿಲ್ಲ ಅಷ್ಟೆ.

ಮರಳಿ ಬಂದ ದಿನ ಅವರು ಕೇಳಿದ ಮೊದಲ ಮಾತೇ ನೂರಾ ಹದಿನಾರನ್ನು ಯಾರು ಕಟ್ಟಿದ್ದು ಎಂದು. ನಾನೇ ಎಂದೆ. ಎಲ್ಲ ಹಾಕಿದೆಯಾ ಎಂದರು. ಎಲ್ಲ ಹಾಕಿದೆ ಎಂದೆ. ಆಗ ಅವರಾಗಿಯೇ ಹೇಳಿದರು. ಯಾರದೋ ಮನೆಯ ಕಥೆ ಹೇಳುವ ಹಾಗೆ, ದಾರ ಕತ್ತರಿಸುತ್ತಲೇ ಹೇಳಿದರು.

ಆಗ ಅವರು ಪೋರೂರು ಕೆರೆಯ ಹತ್ತಿರ ಒಂದು ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದರು. ಹುಡುಗಿ ಕಾಲೇಜಿನ ಕೊನೆಯ ವರ್ಷ. ಟಿ. ನಗರದ ಅಂಗಡಿಯಲ್ಲಿ ಅಮ್ಮನ ಜೊತೆ ಕಿವಿಯೋಲೆ ನೋಡಲು ಹೋದಾಗ, ಕ್ಯಾಟಲಾಗ್ ಬೇಕಾದವರು ತುಂಬಬೇಕಾದ ಚೀಟಿಯನ್ನು ತನ್ನ ಕೈಯಿಂದ ತುಂಬಿದ್ದಳು. ಓಲೆ ತೆಗೆದುಕೊಳ್ಳಲಿಲ್ಲ; ಕ್ಯಾಟಲಾಗ್ ಮಾತ್ರ ಬರತೊಡಗಿತು. ಬಂದಾಗಲೆಲ್ಲ ಪೋಸ್ಟ್‌ಮ್ಯಾನ್ ಕೈಯಿಂದ ತಾನೇ ಇಸಿದುಕೊಳ್ಳಬೇಕು, ಅಮ್ಮ ಕಟ್ಟಿದ ಕಟ್ಟಿನಿಂದ ಬಂದದ್ದು ಎಂದು ಅವಳಿಗೆ ಸಂಭ್ರಮ. ಆ ವರ್ಷ ಮಳೆ ಬಿಡಲಿಲ್ಲ. ಮನೆಯೊಳಗೆ ನೀರು ಬರುತ್ತಿದೆ ಎಂದು ಮಧ್ಯಾಹ್ನ ಹುಡುಗಿ ಫೋನು ಮಾಡಿದಳು. ಮಾರನೇ ದಿನ ಕೌಂಟರಿಗೆ ಕೊಡಬೇಕಾಗಿದ್ದ ಲಾಟು ಎದುರಿಗಿತ್ತು. ಇನ್ನಾರು ಕಟ್ಟು, ಮುಗಿಸಿ ಬರುತ್ತೇನೆ, ಮಂಚದ ಮೇಲೆ ಕೂತಿರು ಎಂದು ಅಕ್ಕ ಹೇಳಿದರು. ಆರು ಕಟ್ಟು ಮುಗಿಯುವ ಹೊತ್ತಿಗೆ ಬಸ್ಸಿಲ್ಲ, ರಸ್ತೆ ಇಲ್ಲ. ಎರಡು ದಿನ ಬಿಟ್ಟು ತಲುಪಿದಾಗ ಬಾಗಿಲು ತೆರೆದಿತ್ತು. ಮಂಚ ಗೋಡೆಗೆ ಒರಗಿ ನಿಂತಿತ್ತು. ಹುಡುಗಿ ಇರಲಿಲ್ಲ. ಯಾವ ಆಸ್ಪತ್ರೆಯಲ್ಲೂ, ಯಾವ ಪಟ್ಟಿಯಲ್ಲೂ ಸಿಗಲಿಲ್ಲ. ಆಮೇಲೆ ಅಕ್ಕ ತಾಂಬರಂಗೆ ಹೋದರು, ಮಾಲೀಕರು ಪೋರೂರಿನ ಆ ಮನೆಯನ್ನು ಕೆಡವಿದರು.

“ಮನಿ ಇಲ್ಲ ಅಂತ ನನಗ ಗೊತ್ತೈತಿ ತಂಗಿ. ಆದ್ರ ಒಂದ ಕಾಗದನೂ ತಿರುಗಿ ಬಂದಿಲ್ಲ. ಯಾರೋ ಇಸ್ಕೊಳ್ಳಾಕತ್ತಾರಲ್ಲ?”

ಅಂಚೆಯ ಕಾಗದ ದಾರಿಯಲ್ಲಿ ಕಳೆದುಹೋಗುವುದೂ ಉಂಟು ಎಂದು ಹೇಳಬಹುದಿತ್ತು. ಆದರೆ ವರ್ಷಕ್ಕೆ ನಾಲ್ಕು ಸಲ, ಅಷ್ಟು ವರ್ಷ, ಪ್ರತಿ ಸಲವೂ ಕಳೆದುಹೋಗುವುದುಂಟೇ?

ಆ ತಿಂಗಳು ನನ್ನ ಅತ್ತಿಗೆಯನ್ನು ಪೋರೂರಿನ ಆಸ್ಪತ್ರೆಗೆ ಸೇರಿಸಿದ್ದರು. ನೋಡಿ ಹೊರಬಂದವಳು ಬಸ್‌ಸ್ಟಾಪಿಗೆ ಹೋಗುವ ಬದಲು ಲಕೋಟೆಯ ಮೇಲಿದ್ದ ಆ ರಸ್ತೆ ಹುಡುಕಿಕೊಂಡು ಹೋದೆ. ಸುಡು ಬಿಸಿಲು, ಮೂರು ಗಂಟೆ. ಎರಡು ಅಪಾರ್ಟ್‌ಮೆಂಟ್‌ಗಳ ನಡುವೆ ತಗಡಿನ ಬೇಲಿ ಹಾಕಿದ ಖಾಲಿ ಜಾಗ. ಹಳೆಯ ಗೇಟಿನ ಒಂದು ಕಂಬ ಮಾತ್ರ ಉಳಿದಿತ್ತು, ಅದರ ಮೇಲೆ ನೀಲಿ ಬಣ್ಣದ ಬಾಗಿಲ ಸಂಖ್ಯೆ. ಕಾಗದದ ಡಬ್ಬಿ ಇಲ್ಲ. ತಗಡಿನ ಸಂದಿಯಿಂದ ಇಣುಕಿದೆ. ಹುಲ್ಲು, ಮುರಿದ ಇಟ್ಟಿಗೆ. ಅಷ್ಟು ವರ್ಷದ ಕ್ಯಾಟಲಾಗ್ ಅಲ್ಲಿ ಎಸೆದಿದ್ದರೆ ಹೊಳಪಿನ ಕಾಗದದ ಒಂದು ಚೂರಾದರೂ ಕಾಣಬೇಕಿತ್ತು. ಕಾಣಲಿಲ್ಲ.

ಎದುರಿನ ಮರದಡಿ ಇಸ್ತ್ರಿ ಗಾಡಿಯವನೊಬ್ಬನಿದ್ದ. ಇಲ್ಲಿಗೆ ಪೋಸ್ಟ್ ಬರುತ್ತದಾ ಎಂದು ಕೇಳಿದೆ. ಬರುತ್ತದೆ, ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸಿ ಕೊಟ್ಟು ಹೋಗುತ್ತಾನೆ ಎಂದ. ಯಾರಿಗೆ ಕೊಡುತ್ತಾನೆ ಎಂದೆ. ಅವನು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಆ ಕಂಬವನ್ನೇ ಸ್ವಲ್ಪ ಹೊತ್ತು ನೋಡಿದ. “ಅಂಗೆ ಯಾರುಮೇ ಇಲ್ಲೆಯೇಮ್ಮಾ,” ಎಂದ. ಅಲ್ಲಿ ಯಾರೂ ಇಲ್ಲವಲ್ಲಮ್ಮ ಎನ್ನುವ ಆ ಮಾತನ್ನು ನನಗೆ ಹೇಳಿದ್ದಲ್ಲ, ಅದು ಆಗ ತಾನೇ ತನಗೆ ಹೊಳೆಯಿತು ಎನ್ನುವ ಹಾಗೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಲಿಲ್ಲ. ಪೋಸ್ಟ್‌ಮ್ಯಾನ್ ಬರುವ ಹೊತ್ತನ್ನು ಕೇಳಿ ಇನ್ನೊಂದು ದಿನ ಬಂದು ನಿಲ್ಲಬಹುದಿತ್ತು. ನಾನು ಕೇಳಲಿಲ್ಲ. ಯಾಕೆಂದು ಇವತ್ತಿಗೂ ನನಗೇ ಸರಿಯಾಗಿ ಗೊತ್ತಿಲ್ಲ. ಪೋರೂರಿಗೆ ಹೋದದ್ದನ್ನು ಅಕ್ಕನಿಗೂ ಹೇಳಲಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ದೊಡ್ಡ ಮೊದಲಾಳಿ ವಯಸ್ಸಾಗಿ ಮನೆಯಲ್ಲೇ ಕೂತು, ಅವರ ಮಗ ಕಚೇರಿ ನೋಡಿಕೊಳ್ಳತೊಡಗಿದ. ಒಳ್ಳೆಯವನೇ. ಆದರೆ ಚಿನ್ನದ ಅಂಗಡಿಯವರು ಪಟ್ಟಿ ಶುದ್ಧ ಮಾಡಿಕೊಡಿ ಎಂದು ಅವನ ಬೆನ್ನು ಹತ್ತಿದ್ದರು. ವರ್ಷಗಳಿಂದ ಏನೂ ಕೊಳ್ಳದ ಗಿರಾಕಿಗಳಿಗೆಲ್ಲ ಉತ್ತರದ ಕಾರ್ಡು ಕಳಿಸಬೇಕೆಂದು ತೀರ್ಮಾನವಾಯಿತು. ಕಾರ್ಡಿನಲ್ಲಿ ಮೂರು ಚೌಕ: ಇದೇ ವಿಳಾಸ, ವಿಳಾಸ ಬದಲಾಗಿದೆ, ಇನ್ನು ಬೇಡ. ಒಂದಕ್ಕೆ ಗುರುತು ಹಾಕಿ ಡಬ್ಬಿಗೆ ಹಾಕಿದರೆ ಸಾಕು, ಸ್ಟಾಂಪ್ ಬೇಡ, ನಮಗೆ ಬಂದು ಸೇರುತ್ತದೆ. ಒಂದು ತಿಂಗಳೊಳಗೆ ಉತ್ತರ ಬಾರದ ಹೆಸರು ಪಟ್ಟಿಯಿಂದ ಹೊರಗೆ.

ಅಕ್ಕ ಕಾರ್ಡಿನ ಮೂರೂ ಚೌಕ ಓದಿದರು. ನೂರಾ ಹದಿನಾರರ ಕಾರ್ಡುಗಳನ್ನು ಎಂದಿನಂತೆ ತಾವೇ ಕಟ್ಟಿದರು. ಆ ಒಂದು ಹೆಸರಿನ ಮೇಲೆ ಅವರ ಕೈ ನಿಲ್ಲುತ್ತದೆಯೇ ಎಂದು ನಾನು ಓರೆಗಣ್ಣಲ್ಲಿ ನೋಡುತ್ತಿದ್ದೆ. ನಿಲ್ಲಲಿಲ್ಲ. ಜಾರಿಹೋಯಿತು.

ಆ ತಿಂಗಳು ಅವರ ಮಟ್ಟಿಗೆ ಬಹಳ ಉದ್ದವಾಯಿತು. ಉತ್ತರದ ಕಾರ್ಡುಗಳು ಬೆಳಿಗ್ಗೆ ಹತ್ತೂವರೆಯ ಟಪಾಲಿನಲ್ಲಿ ಬರುತ್ತಿದ್ದವು. ಹತ್ತಕ್ಕೇ ಅವರು ಮೆಟ್ಟಿಲ ತಲೆಯಲ್ಲಿ ನಿಂತಿರುತ್ತಿದ್ದರು. ರೊಟ್ಟಿ ಅರ್ಧ ಉಳಿಯತೊಡಗಿತು. ನಡುವೆ ಒಂದು ದಿನ ಮಾತ್ರ ರಜೆ ಹಾಕಿದ್ದು, ತಾಂಬರಂನಲ್ಲೇ ಬೇರೊಂದು ಬೀದಿಯ ಮಹಡಿ ಮನೆಗೆ ಸಾಮಾನು ಸಾಗಿಸಲು. ಹೊಸ ಮನೆಯ ವಿಳಾಸವನ್ನು ಕಚೇರಿಗೆ ಕೊಡುವಷ್ಟು ವ್ಯವಧಾನವೂ ಅವರಿಗಿರಲಿಲ್ಲ. ಕೊಡೋಣ, ಏನು ಅವಸರ ಎಂದರು.

ನಾಲ್ಕನೇ ವಾರ ನನಗೆ ತಡೆಯಲಾಗಲಿಲ್ಲ. ಮಿಕ್ಕಿದ್ದ ಖಾಲಿ ಕಾರ್ಡೊಂದನ್ನು ಸೆರಗಿನಡಿ ಮೇಜಿಗೆ ತಂದು, ಆ ಹುಡುಗಿಯ ಹೆಸರು ಬರೆದು, ‘ಇದೇ ವಿಳಾಸ’ ಚೌಕದ ಮೇಲೆ ಪೆನ್ನಿಟ್ಟೆ. ಒಂದು ಗೀಟು, ಅಷ್ಟೆ. ಅವರಿಗೆ ಇನ್ನಷ್ಟು ವರ್ಷ ಸಿಗುತ್ತಿತ್ತು. ಬೆನ್ನ ಹಿಂದೆ ಅವರು ಬಂದು ನಿಂತದ್ದು ತಿಳಿಯಲಿಲ್ಲ. ಕಾರ್ಡನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡರು.

“ಬ್ಯಾಡ. ಆಕಿ ಹೇಳಬೇಕು. ನೀ ಹೇಳಿದ್ರ ನಾ ಕಟ್ಟಿದ್ದೆಲ್ಲ ಸುಳ್ಳಾಗತೈತಿ.”

“ಬರದಿದ್ರೆ ಎಂತ ಮಾಡ್ತೀರಿ ಅಕ್ಕ?”

“ನಾನಾ ಹೊಡದ ಹಾಕ್ತೀನಿ. ಬ್ಯಾರೆಯವರು ಹೊಡೀಬಾರದು.”

ಗಡುವಿಗೆ ಎರಡು ದಿನ ಇದ್ದಾಗ ಆ ಕಾರ್ಡು ಬಂತು.

ಅವತ್ತು ಟಪಾಲು ತಡವಾಗಿ, ಊಟದ ಹೊತ್ತಿಗೆ ಬಂದಿತ್ತು. ಅಕ್ಕ ಕೈ ತೊಳೆಯಲು ಹೋಗಿದ್ದರು. ಕಾರ್ಡುಗಳನ್ನು ಜೋಡಿಸುತ್ತಿದ್ದ ನನಗೆ ಮೊದಲು ಕಂಡದ್ದು ಹೆಸರು. ‘ಇದೇ ವಿಳಾಸ’ ಖಾಲಿ. ‘ಇನ್ನು ಬೇಡ’ ಖಾಲಿ. ಗುರುತು ಇದ್ದದ್ದು ನಡುವಿನ ಚೌಕದಲ್ಲಿ. ಕೆಳಗಿನ ಗೆರೆಗಳಲ್ಲಿ ನೀಲಿ ಶಾಯಿಯಲ್ಲಿ, ದುಂಡನೆಯ ಅಕ್ಷರದಲ್ಲಿ ಹೊಸ ವಿಳಾಸ: ಬಾಗಿಲ ಸಂಖ್ಯೆ, ಮೊದಲ ಮಹಡಿ, ಪಶ್ಚಿಮ ತಾಂಬರಂನ ಒಂದು ಬೀದಿ. ನನಗೆ ಆ ಬೀದಿ ಗೊತ್ತಿರಲಿಲ್ಲ. ಕಾರ್ಡು ಸ್ವಲ್ಪ ಉಬ್ಬಿತ್ತು, ಎಂದೋ ನೆನೆದು ಒಣಗಿದ ಹಾಗೆ. ಅಂಚೆಯಲ್ಲಿ ಹಾಗಾಗುತ್ತದೆ. ಆದರೆ ಆ ವಾರ ಚೆನ್ನೈಯಲ್ಲಿ ಒಂದು ಹನಿ ಬಿದ್ದಿರಲಿಲ್ಲ.

ಅಕ್ಕನ ಕೈಗೆ ಕೊಟ್ಟೆ. ಅವರು ಓದಿದರು. ಮೇಲಿಂದ ಕೆಳಗೆ, ಮತ್ತೆ ಮೇಲಿಂದ ಕೆಳಗೆ. ಆಮೇಲೆ ನನ್ನ ಮುಖ ನೋಡಿದರು. ನಾನಲ್ಲ ಅಕ್ಕ, ದೇವರಾಣೆ ನಾನಲ್ಲ ಎಂದೆ.

“ಗೊತ್ತೈತಿ. ಈ ಮನಿ ನಂಬರ ನಾ ಯಾರಿಗೂ ಹೇಳಿಲ್ಲ.”

ಅದು ಅವರು ಹದಿನೈದು ದಿನದ ಹಿಂದಷ್ಟೇ ಸೇರಿದ್ದ ಹೊಸ ಮನೆ. ಕಾರ್ಡನ್ನು ನಾವು ಪೋರೂರಿಗೆ ಕಳಿಸಿದಾಗ ಅವರು ಆ ಮನೆಯನ್ನು ನೋಡಿಯೂ ಇರಲಿಲ್ಲ.

ಎದುರಿಗೆ ಯಾವುದೋ ವಿಮಾ ಕಂಪನಿಯ ಲಾಟಿತ್ತು. ಮಧುರೈ ಕಟ್ಟು ಅವರ ಮೇಜಿನ ಮೇಲೆ ದಾರ ಸುತ್ತಿಸಿಕೊಂಡು, ಗಂಟು ಹಾಕದೆ ಬಿದ್ದಿತ್ತು. ಅಕ್ಕ ಅದರ ಕಡೆ ನೋಡಲಿಲ್ಲ. ಚಪ್ಪಲಿ ಮೆಟ್ಟಿ, ಚೀಲ ತೆಗೆದುಕೊಂಡು, ಯಾರಿಗೂ ಹೇಳದೆ ಮೆಟ್ಟಿಲಿಳಿದು ಹೋದರು. ಅಷ್ಟು ವರ್ಷದಲ್ಲಿ ಅವರು ಕಟ್ಟನ್ನು ಅರ್ಧಕ್ಕೆ ಬಿಟ್ಟು ಎದ್ದದ್ದು ಅದೊಂದೇ ಸಲ. ಕಿಟಕಿಯಿಂದ ನೋಡಿದೆ. ಆ ವಯಸ್ಸಿಗೆ, ಆ ಬಿಸಿಲಿಗೆ, ಸ್ಟೇಷನ್ನಿನ ಕಡೆ ಓಡುತ್ತಿದ್ದರು.

ಮಾರನೇ ದಿನ ಬರಲಿಲ್ಲ. ಆ ವಾರವೂ ಬರಲಿಲ್ಲ. ಇನ್ನು ಬರುವುದಿಲ್ಲ, ಮನೆಯಲ್ಲಿ ಕೆಲಸವಿದೆ ಎಂದು ಮೊದಲಾಳಿಯ ಮಗನಿಗೆ ಫೋನಿನಲ್ಲಿ ಹೇಳಿದರಂತೆ. ಧ್ವನಿ ಚೆನ್ನಾಗಿಯೇ ಇತ್ತು, ನಗುತ್ತ ಮಾತಾಡಿದರು ಎಂದ ಅವನು. ಪಟ್ಟಿಯಲ್ಲಿ ಆ ಹುಡುಗಿಯ ವಿಳಾಸವನ್ನು ನಾನು ತಿದ್ದಿದೆ. ನಿಯಮದ ಪ್ರಕಾರ ಬೇರೇನೂ ಮಾಡುವ ಹಾಗಿರಲಿಲ್ಲ. ಕಾರ್ಡು ಬಂದಿತ್ತು, ಗುರುತು ಇತ್ತು.

ಮುಂದಿನ ಹಬ್ಬದ ಕ್ಯಾಟಲಾಗ್ ತಯಾರಾದಾಗ, ಹೇಗೂ ಅವರನ್ನು ನೋಡಬೇಕಲ್ಲ, ಅವಳ ಲಕೋಟೆಯನ್ನು ಲಾಟಿನಿಂದ ಹೊರತೆಗೆದು ಕೈಯಲ್ಲೇ ಕೊಟ್ಟು ಬರೋಣ ಎಂದುಕೊಂಡೆ. ಭಾನುವಾರ ಬಿಟ್ಟು ಸೋಮವಾರ ಅರ್ಧ ದಿನ ರಜೆ ಹಾಕಿ ಎಲೆಕ್ಟ್ರಿಕ್ ಟ್ರೇನು ಹತ್ತಿದೆ. ಅಡಿಗೆಗೆ ಎರಡು ತೆಂಗಿನಕಾಯಿ, ಹೋಟೆಲಿನಿಂದ ನನ್ನ ಗಂಡ ಕಟ್ಟಿಸಿಕೊಟ್ಟ ಮೈಸೂರುಪಾಕು.

ಮನೆ ಸಿಕ್ಕಿತು. ಹೊರಗಿನಿಂದ ಮೆಟ್ಟಿಲು. ಬಾಗಿಲ ಮುಂದೆ ಹೆಣ್ಣುಮಕ್ಕಳ ಒಂದು ಜೊತೆ ತೆಳ್ಳನೆಯ ಚಪ್ಪಲಿ, ಹೊಸದು, ಅಕ್ಕನ ಅಳತೆಯದಲ್ಲ. ಬಡಿದೆ. ಬಹಳ ಹೊತ್ತಿನ ಮೇಲೆ ಅರ್ಧ ಬಾಗಿಲು ತೆರೆಯಿತು. ಅಕ್ಕ ತುಂಬ ಇಳಿದುಹೋಗಿದ್ದರು. ಆದರೆ ಮುಖದಲ್ಲಿ, ಚೀಲದ ಕೊನೆಯ ಲಕೋಟೆ ನೋಡಿ ಮುಗಿದ ಮೇಲಿನ ಆ ನಿರಾಳ. ಎರಡು ಅಂಗೈಗಳಿಗೂ ಕೊಬ್ಬರಿ ಎಣ್ಣೆ ಮೆತ್ತಿತ್ತು. ಬೆರಳ ಸಂದಿಯಿಂದ ಇಳಿಯುತ್ತಿತ್ತು. ಅವರ ತಲೆಗೂದಲು ಮಾತ್ರ ಒಣಗಿ ಗಾಳಿಗೆ ಹಾರುತ್ತಿತ್ತು.

“ಒಳಗ ಕರೀಲಿಲ್ಲ ಅಂತ ಬ್ಯಾಸರ ಮಾಡ್ಕೋಬ್ಯಾಡ,” ಎಂದರು, ಮೆಲುದನಿಯಲ್ಲಿ. “ಎಣ್ಣಿ ಹಚ್ಚಾಕತ್ತೇನಿ. ನಡುವ ಎದ್ದ ಬಂದ್ರ ಸಿಟ್ಟ ಮಾಡತಾಳ. ಒಮ್ಮೆ ಎದ್ದ ಬರಲಿಲ್ಲ ಅಂತ ಸಿಟ್ಟು, ಈಗ ಎದ್ದ ಹೋಗ್ತಿ ಅಂತ ಸಿಟ್ಟು.”

ಹೇಳಿ ನಕ್ಕರು. ಅವರ ಭುಜದಾಚೆ ಒಂದು ತುಂಡು ನೆಲ ಮಾತ್ರ ಕಾಣುತ್ತಿತ್ತು. ಕೆಂಪು ನೆಲ, ಒರೆಸಿದ್ದಕ್ಕೋ ಏನೋ ಒದ್ದೆ. ನಾನು ಕತ್ತು ಉದ್ದ ಮಾಡಿ ನೋಡಬಹುದಿತ್ತು. ನೋಡಲಿಲ್ಲ. ತಿಂಡಿಯ ಪೊಟ್ಟಣ, ಕಾಯಿ ಹೊಸ್ತಿಲ ಮೇಲಿಟ್ಟು ಲಕೋಟೆ ಮುಂದೆ ಚಾಚಿದೆ. ಅವರು ಹಿಂದೆ ಸರಿದರು.

“ಕೈಯಾಗ ಬ್ಯಾಡ ತಂಗಿ. ಪೋಸ್ಟಿಗೆ ಹಾಕು. ತಾನಾ ಇಸ್ಕೋಬೇಕಂತ.”

ಬಾಗಿಲು ಸದ್ದಿಲ್ಲದೆ ಮುಚ್ಚಿತು.

ಕೆಳಗಿಳಿದು ಬೀದಿಯ ಕೆಂಪು ಡಬ್ಬಿಯ ತನಕ ಹೋದೆ. ಕೈ ಎತ್ತಿದ ಮೇಲೆ, ಇದು ಪರವಾನಗಿಯ ಲಕೋಟೆ, ಡಬ್ಬಿಗೆ ನಡೆಯುವುದಿಲ್ಲ ಎಂಬುದು ನೆನಪಾಯಿತು. ಲಾಟು ಬೆಳಿಗ್ಗೆಯೇ ಕೌಂಟರಿಗೆ ಹೋಗಿಬಿಟ್ಟಿತ್ತು. ಸ್ಟೇಷನ್ ಹತ್ತಿರದ ಅಂಚೆ ಕಚೇರಿಯಲ್ಲಿ ಸ್ಟಾಂಪ್ ಕೊಂಡೆ. ಗೋಂದಿನ ಡಬ್ಬಿ ಒಣಗಿತ್ತು. ಬಾಟಲಿಯ ನೀರು ಹಚ್ಚಿ, ಪರವಾನಗಿ ಸಂಖ್ಯೆ ಮುಚ್ಚುವಂತೆ ಅಂಟಿಸಿದೆ. ನೀರಿಗೆ ಜಾರಿ ಸ್ಟಾಂಪ್ ಒಂದು ಕಡೆ ವಾಲಿತು. ತೆಗೆದು ಸರಿಮಾಡಲು ಹೋದರೆ ಹರಿಯುತ್ತದೆ. ಹಾಗೆಯೇ ಹಾಕಿದೆ. ಅಕ್ಕನಿಗೆ ಗೊತ್ತಾದರೆ ಬೈಯುತ್ತಿದ್ದರು ಅನ್ನಿಸಿತು.

ಮೂರನೇ ದಿನ ಮಧ್ಯಾಹ್ನ ಅವರ ಫೋನು ಬಂತು. ಆಮೇಲೆ ಎರಡು ವರ್ಷ ಬದುಕಿದ್ದರು, ಹಬ್ಬಕ್ಕೊಮ್ಮೆ ಮಾತಾಡಿದ್ದೂ ಉಂಟು. ಆದರೆ ಅವರ ನೆನಪೆಂದರೆ ನನಗೆ ಆ ಫೋನು. ಹಿಂದೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು.

“ಕಾಗದ ಸಿಕ್ತು ಅಂತ ಹೇಳು ಅಂದ್ಲು ತಂಗಿ,” ಎಂದರು. ಪಕ್ಕದಲ್ಲಿ ಯಾರದೋ ಮಾತು ಕೇಳಿಸಿಕೊಂಡ ಹಾಗೆ, ನಗುತ್ತ ಸೇರಿಸಿದರು. “ಸ್ಟಾಂಪ್ ಸೊಟ್ಟ ಹಚ್ಚೀರಿ ಅಂತಾಳ. ನನ್ನ ಮಗಳಲ್ಲೇನು.”

ನನ್ನ ಎದುರಿಗೆ ತೂಕದ ಯಂತ್ರ, ದಾರದುಂಡೆ, ಅರ್ಧ ಜೋಡಿಸಿದ ಲಕೋಟೆಗಳು. ಕಚೇರಿಯಲ್ಲಿ ಎಲ್ಲರೂ ಅವರವರ ಕೆಲಸದಲ್ಲಿದ್ದರು. ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

“ಅವತ್ತು ಗೋಂದು ಇರ್ಲಿಲ್ಲ, ಮುಂದಿನ ಸಲ ನೆಟ್ಟಗೆ ಹಚ್ತೇನೆ ಅಂತ ಅವಳಿಗೆ ಹೇಳಿ ಅಕ್ಕ,” ಎಂದೆ.